ಅಲಾಯಾ ಹಲಗೆ ಮನೆಯಲ್ಲೇ ಮಾಡಲು: ಯಾವ ಮರ, ಎಷ್ಟು ದಪ್ಪ, ಯಾವ ಎಣ್ಣೆ?

ಕಡಲತಡಿ:
ಎಲ್ಲರಿಗೂ ನಮಸ್ಕಾರ. ಹವಾಯಿಯ ಹಳೆಯ ಮಾದರಿಯ ಅಲಾಯಾ, ಅಂದರೆ ಅಡಿಯಲ್ಲಿ ಫಿನ್ (ಪಕ್ಕಕ್ಕೆ ಜಾರದಂತೆ ತಡೆಯುವ ರೆಕ್ಕೆ) ಇಲ್ಲದ ತೆಳು ಮರದ ಸರ್ಫ್ ಹಲಗೆ ಮಾಡಬೇಕೆಂದಿದ್ದೇನೆ. ಮೂಲ್ಕಿ, ಸಸಿಹಿತ್ಲು ಕಡೆಯ ಅಲೆಗೆ. ತೂಕ 68 ಕೆಜಿ, ಎತ್ತರ 5 ಅಡಿ 8 ಇಂಚು. ಎಲ್ಲಿ ನೋಡಿದರೂ ಪೌಲೋನಿಯಾ ಮರ ಅಂತಾರೆ, ಇಲ್ಲಿನ ಸಾ ಮಿಲ್‌ಗಳಲ್ಲಿ ಅದು ಸಿಗುತ್ತಿಲ್ಲ. ಸಿಲ್ವರ್ ಓಕ್, ಹೆಬ್ಬೇವು, ಹಾಲವಾಣ ಸಿಗುತ್ತವೆ. ಯಾವುದು ಆದೀತು? ದಪ್ಪ ಎಷ್ಟಿಡಬೇಕು? ಮೇಲೆ ಫೈಬರ್ ಗ್ಲಾಸ್ ಹಾಕಬೇಕೇ, ಎಣ್ಣೆ ಸಾಕೇ? ಕೀಸುಳಿ, ಜಿಗ್ಸಾ, ಆರು ಕ್ಲಾಂಪ್ ಕೈಯಲ್ಲಿವೆ.

ಚೇಗು:
ಮೊದಲು ತೇಲುವ ಲೆಕ್ಕ ಹಾಕಿ, ಮರ ಆರಿಸುವುದು ಆಮೇಲೆ. 7 ಅಡಿ ಉದ್ದ, ಸರಾಸರಿ 38 ಸೆಂ.ಮೀ. ಅಗಲ, 17 ಮಿ.ಮೀ. ದಪ್ಪದ ಹಲಗೆಯ ಗಾತ್ರ ಸುಮಾರು 14 ಲೀಟರ್, ಅಂದರೆ ಪೂರ್ತಿ ಮುಳುಗಿದರೆ ನೀರು ಎತ್ತುವುದು 14 ಕೆಜಿಯಷ್ಟು. ಒಣಗಿದ ಪೌಲೋನಿಯಾ ಘನ ಮೀಟರಿಗೆ 280 ಕೆಜಿ ಆಸುಪಾಸು, ಹಾಗಾಗಿ ಹಲಗೆ 4 ಕೆಜಿಯೊಳಗೆ ಮುಗಿಯುತ್ತದೆ. ಉಳಿದ 10 ಕೆಜಿಯಷ್ಟು ಎತ್ತುವ ಬಲ ನಿಮಗೆ. ಹೆಬ್ಬೇವು 400 ಕೆಜಿ ಅಂತಿಟ್ಟುಕೊಂಡರೆ ಹಲಗೆ ಐದೂವರೆ ಕೆಜಿ, ಬಲ ಎಂಟೂವರೆ. ಸಿಲ್ವರ್ ಓಕ್ 600ರ ಹತ್ತಿರ: ಹಲಗೆಯೇ ಎಂಟು ಕೆಜಿ ದಾಟುತ್ತದೆ, ನಿಮ್ಮ ಪಾಲಿಗೆ ಐದೂವರೆ. ಯಾವ ಮರವಾದರೂ ಎದೆ ನೀರಿನಲ್ಲೇ ಇರುತ್ತದೆ, ಈ ಹಲಗೆಯ ಸ್ವಭಾವವೇ ಅದು. ಆದರೆ ನಮ್ಮ ಕರಾವಳಿಯ ಮೆತ್ತನೆಯ ಅಲೆಯಲ್ಲಿ ಆ ಮೂರು ಕೆಜಿ ವ್ಯತ್ಯಾಸ ತುಂಬ ದೊಡ್ಡದು. ಹವಾಯಿಯವರು ಭಾರದ ಕೋವಾ ಮರದಲ್ಲೂ ಮಾಡುತ್ತಿದ್ದರು. ಹೊನೊಲುಲುವಿನ ಬಿಷಪ್ ಮ್ಯೂಸಿಯಂನಲ್ಲಿರುವ ರಾಜಕುಮಾರಿ ಕಾಇಉಲಾನಿಯ ಹಲಗೆ 7 ಅಡಿಗಿಂತ ಉದ್ದ. ಅವರಿಗಿದ್ದ ಅಲೆಯೇ ಬೇರೆ.

ಹಾಲವಾಣ ಬೇಡ. ಅದರ ಹವಾಯಿ ದಾಯಾದಿ ವಿಲಿವಿಲಿಯನ್ನು ಅಲ್ಲಿ ದಪ್ಪ, ಉದ್ದದ ಓಲೊ ಹಲಗೆಗೆ ಬಳಸುತ್ತಿದ್ದರು. 17 ಮಿ.ಮೀ. ತೆಳುವಿಗೆ ಅಷ್ಟು ಮೆದು ಮರ ತಡೆಯುವುದಿಲ್ಲ, ಒದ್ದೆಯಾದರೆ ಬೇಗ ಕೊಳೆಯುತ್ತದೆ. ನಿಮಗೆ ಹೆಬ್ಬೇವೇ ಸರಿ. ಎಳೆ ಮರ ಬೇಡ, ಒಣಗುವಾಗ ತಿರುಚುತ್ತದೆ. ಬಲಿತ ಮರದ, ಗಂಟಿಲ್ಲದ, ಎಳೆ ನೇರ ಇರುವ ಹಲಗೆ ಕೇಳಿ. ಇನ್ನೊಂದು: ಹವಾಯಿಯಲ್ಲಿ ಅಲಾಯಾಕ್ಕೆ ಬಳಸುತ್ತಿದ್ದ ಉಲು ಮರ ನಮ್ಮ ಊರಿನ ಜೀಗುಜ್ಜೆಯೇ. ಗಾಳಿಗೆ ಬಿದ್ದ ಜೀಗುಜ್ಜೆ ಎಲ್ಲಾದರೂ ಸಿಕ್ಕಿದರೆ ಬಿಡಬೇಡಿ. ಕಾಯಿ ಬಿಡುವ ಮರವನ್ನು ಮಾತ್ರ ಇದಕ್ಕಾಗಿ ಕಡಿಸಬೇಡಿ.

ಒಂದೇ ಅಗಲ ಹಲಗೆ ಹುಡುಕುವ ಬದಲು 9–10 ಸೆಂ.ಮೀ. ಅಗಲದ ಐದು ಪಟ್ಟಿ ಜೋಡಿಸಿ. ತುದಿಯಲ್ಲಿ ಕಾಣುವ ಉಂಗುರದ ಬಾಗು ಒಂದರಲ್ಲಿ ಮೇಲ್ಮುಖ, ಪಕ್ಕದ್ದರಲ್ಲಿ ಕೆಳಮುಖ ಇರಲಿ. ಎಲ್ಲವೂ ಒಂದೇ ಕಡೆಗಿದ್ದರೆ ಇಡೀ ಹಲಗೆ ದೋಣಿಯಂತೆ ಬಾಗುತ್ತದೆ. ಅಂಟಿಗೆ ನಿಧಾನ ಗಟ್ಟಿಯಾಗುವ ಎಪಾಕ್ಸಿ ತನ್ನಿ, ಐದು ನಿಮಿಷದ್ದು ಬೇಡ. ಅದು ಹಚ್ಚಿ ಮುಗಿಸುವುದರೊಳಗೆ ಬಿಗಿಯುತ್ತದೆ, ನೀರಿಗೂ ಅಷ್ಟು ತಡೆಯುವುದಿಲ್ಲ. 100 ಗ್ರಾಂ ಸಾಕು. ಕ್ಲಾಂಪ್ ಸಾಧಾರಣ ಬಿಗಿ ಮಾಡಿ. ಜಾಸ್ತಿ ಬಿಗಿದರೆ ಅಂಟೆಲ್ಲ ಹೊರಬಂದು ಸಂದು ಒಣಗಿಹೋಗುತ್ತದೆ. ಮಳೆಗಾಲದಲ್ಲಿ ಅಂಟಿಸಬೇಡಿ. ತೇವ ಹೀರಿದ ಪಟ್ಟಿ ಬೇಸಿಗೆಯಲ್ಲಿ ಕುಗ್ಗಿದಾಗ ಮೊದಲು ಬಿಡುವುದು ತುದಿಯ ಸಂದು.

ಉಪ್ಪುಗಾಳಿ:
ಮರದ ಬಗ್ಗೆ ಮೇಲಿನವರು ಹೇಳಿದ್ದಕ್ಕೆ ನನ್ನ ಒಪ್ಪಿಗೆಯಿದೆ. ಆಕಾರದ್ದು ನಾನು ಹೇಳುತ್ತೇನೆ, ಈ ಹಲಗೆಯ ಜೀವ ಇರುವುದೇ ಅಲ್ಲಿ. ಹಲಗೆಗೆ ಫಿನ್ ಬಂದದ್ದು 1935ರಲ್ಲಿ, ಅಮೆರಿಕದ ಸರ್ಫರ್ ಟಾಮ್ ಬ್ಲೇಕ್ ಅವರಿಂದ. ಅದಕ್ಕೂ ಮೊದಲು ಹಿಡಿತ ಕೊಡುತ್ತಿದ್ದುದು ಅಂಚು. ಇಲ್ಲಿಯೂ ಅಂಚು ಮತ್ತು ಅಡಿಯ ತಗ್ಗು ಸೇರಿ ಫಿನ್‌ನ ಕೆಲಸ ಮಾಡಬೇಕು.

ನಿಮಗೆ 7 ಅಡಿ ಉದ್ದ. ಮೂತಿಯಿಂದ 45 ಸೆಂ.ಮೀ. ಹಿಂದೆ ಅತಿ ಅಗಲ, 42 ಸೆಂ.ಮೀ. ಅಲ್ಲಿಂದ ನಿಧಾನವಾಗಿ ಕಿರಿದಾಗುತ್ತ ಬಾಲದಲ್ಲಿ 34. ಮೂತಿ ಗುಂಡಗೆ, ಬಾಲ ಚೌಕ. ಹಾರ್ಡ್‌ಬೋರ್ಡಿನಲ್ಲಿ ಅರ್ಧ ಅಚ್ಚು ಮಾತ್ರ ಕತ್ತರಿಸಿ, ನಡುಗೆರೆಯ ಮೇಲಿಟ್ಟು ಗೀಚಿ, ಮಗುಚಿ ಇನ್ನೊಂದು ಬದಿ ಗೀಚಿ. ಎರಡೂ ಬದಿ ಬೇರೆಬೇರೆ ಬರೆದರೆ ಸಮ ಬರುವುದಿಲ್ಲ. ಜಿಗ್ಸಾದಲ್ಲಿ ಗೆರೆಯಿಂದ 3 ಮಿ.ಮೀ. ಹೊರಗೆ ಕತ್ತರಿಸಿ, ಉಳಿದದ್ದು ಕೀಸುಳಿಯಲ್ಲಿ ತೆಗೆಯಿರಿ. ತೆಳು ಮರದಲ್ಲಿ ಜಿಗ್ಸಾ ಬ್ಲೇಡ್ ವಾಲಿ, ಅಡಿಬದಿ ಒಳಗೆ ಹೋಗಿಬಿಡುತ್ತದೆ.

ದಪ್ಪ ನಡುವಿನಲ್ಲಿ 18 ಮಿ.ಮೀ., ಮೂತಿಯಲ್ಲಿ 14, ಬಾಲದಲ್ಲಿ 15. ಅಡಿಬದಿಯ ಹಿಂದಿನ ಮೂರನೇ ಎರಡು ಭಾಗದಲ್ಲಿ ಉದ್ದಕ್ಕೂ ತಗ್ಗು ಬರಬೇಕು. ಮುಂದೆ ಸೊನ್ನೆಯಿಂದ ಶುರುವಾಗಿ ಬಾಲದ ಹತ್ತಿರ 4 ಮಿ.ಮೀ. ನಡುವೆ 11ಕ್ಕಿಂತ ತೆಳುವಾಗಲು ಬಿಡಬೇಡಿ. ಅಡ್ಡಕ್ಕೆ ಒಂದು ಸ್ಟೀಲ್ ಸ್ಕೇಲ್ ನಿಲ್ಲಿಸಿ, ಪ್ರತಿ 20 ಸೆಂ.ಮೀ.ಗೆ ಕೆಳಗಿನ ಬೆಳಕು ನೋಡಿ. ಬೆಳಕಿನ ಬಾಗು ಎಡಕ್ಕೂ ಬಲಕ್ಕೂ ಒಂದೇ ಇರಬೇಕು. ತಗ್ಗು ಇದ್ದಾಗ ಅಂಚು ನಡುಭಾಗಕ್ಕಿಂತ ಕೆಳಗಿದ್ದು ಅಲೆಯ ಗೋಡೆಯನ್ನು ಕಚ್ಚುತ್ತದೆ.

ಅಂಚಿನ ವಿಷಯದಲ್ಲಿ ಹೆಚ್ಚಿನವರು ಎಡವುವುದು ಕೊನೆಗೆ, ಸ್ಯಾಂಡ್‌ಪೇಪರ್ ಹೊಡೆಯುವಾಗ. ಹಿಂದಿನ ಒಂದು ಮೀಟರಿನಲ್ಲಿ ಅಡಿಯ ಮೂಲೆ ಚೂಪಾಗಿಯೇ ಉಳಿಯಬೇಕು, ಉಗುರಿಗೆ ತಟ್ಟುವಷ್ಟು. ಬರಿಗೈಯಲ್ಲಿ ಪೇಪರ್ ಹಿಡಿದು ಉಜ್ಜಿದರೆ ಮೂಲೆ ಗುಂಡಾಗುತ್ತದೆ. ಗುಂಡು ಮೂಲೆಗೆ ನೀರು ಅಂಟಿಕೊಂಡು ಮೇಲಕ್ಕೆ ಸುತ್ತುತ್ತದೆ, ವೇಗ ಸಾಯುತ್ತದೆ, ಬಾಲ ಪಕ್ಕಕ್ಕೆ ಜಾರುತ್ತದೆ. ಮರದ ತುಂಡಿಗೆ ಪೇಪರ್ ಸುತ್ತಿ 80, 120, 180 ನಂಬರ್ ಸಾಕು. ಮೂತಿಯ ಕಡೆ ಮಾತ್ರ ಮೂಲೆ ಗುಂಡಗಿರಲಿ, ಇಲ್ಲವಾದರೆ ಸಿಕ್ಕಿಕೊಂಡು ಮುಗ್ಗರಿಸುತ್ತದೆ.

ಅಗಸೆ:
ಫೈಬರ್ ಗ್ಲಾಸ್ ಬೇಡವೇ ಬೇಡ. ಇಷ್ಟು ತೆಳು ಹಲಗೆ ಅಲೆಯಲ್ಲಿ ಬಳುಕಬೇಕು. ಮೇಲಿನ ಗಟ್ಟಿ ಪದರ ಆ ಬಳುಕಿಗೆ ಬಿರುಕು ಬಿಡುತ್ತದೆ, ಬಿರುಕಿನಲ್ಲಿ ಹೋದ ನೀರು ಹೊರಬರುವುದಿಲ್ಲ, ಒಳಗೊಳಗೇ ಮರ ಕಪ್ಪಾಗುತ್ತದೆ. ಹಳೆಯವರು ಕುಕುಯಿ ಬೀಜದ ಎಣ್ಣೆ ಹಚ್ಚುತ್ತಿದ್ದರು. ನೀವು ಪೇಂಟ್ ಅಂಗಡಿಯ ಡಬಲ್ ಬಾಯ್ಲ್ಡ್ ಅಗಸೆ ಎಣ್ಣೆ ತನ್ನಿ. ಮೊದಲ ಸಲ ಎಣ್ಣೆ, ಟರ್ಪೆಂಟೈನ್ ಸಮಸಮ. ಎರಡನೆಯದಕ್ಕೆ ಎರಡು ಪಾಲು ಎಣ್ಣೆ, ಒಂದು ಪಾಲು ಟರ್ಪೆಂಟೈನ್. ಮೂರನೆಯದಕ್ಕೆ ಬರೀ ಎಣ್ಣೆ. ಒಟ್ಟು ಅರ್ಧ ಲೀಟರ್ ಮೀರಲಿಕ್ಕಿಲ್ಲ. ಹಚ್ಚಿ 20 ನಿಮಿಷ ಬಿಟ್ಟು, ಮರ ಹೀರದೆ ಉಳಿದದ್ದನ್ನೆಲ್ಲ ಒರೆಸಿ ತೆಗೆಯಿರಿ. ಬಿಟ್ಟರೆ ವಾರವಾದರೂ ಅಂಟಂಟು. ಪದರದ ನಡುವೆ ಒಂದು ದಿನ, ಸೆಕೆಗಾಲದ ತೇವದಲ್ಲಿ ಎರಡು. ಎರಡೂ ಬದಿಗೆ ಒಂದೇ ಪ್ರಮಾಣ, ಇಲ್ಲದಿದ್ದರೆ ಒಂದು ಬದಿ ಮಾತ್ರ ತೇವ ಕುಡಿದು ಹಲಗೆ ಸೊಟ್ಟಗಾಗುತ್ತದೆ.

ಎಣ್ಣೆಗೂ ಮುಂಚೆ ಮೂತಿ, ಬಾಲದ ಕತ್ತರಿಸಿದ ತುದಿಗಳಿಗೆ ಎಪಾಕ್ಸಿ ಬಿಸಿ ಮಾಡಿ ತೆಳುವಾಗಿಸಿ ಕುಡಿಸಿ. ನೀರು ಹೀರುವುದೂ ಸೀಳು ಶುರುವಾಗುವುದೂ ಅಲ್ಲಿಂದಲೇ.

ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯೊಳಗೆ ಆ ಬಿಸಿ ಕೂಡಿ ತಾನಾಗಿಯೇ ಬೆಂಕಿ ಹತ್ತುತ್ತದೆ. ಕೂಡಲೇ ನೀರಿನ ಬಕೆಟ್‌ಗೆ ಹಾಕಿ.

ಕಡಲತಡಿ:
ಮೂವರಿಗೂ ತುಂಬಾ ಧನ್ಯವಾದ. ಇಲ್ಲಿ ದೋಣಿಗೆ ಗೇರುಬೀಜದ ಸಿಪ್ಪೆ ಎಣ್ಣೆ ಹಚ್ಚುತ್ತಾರಲ್ಲ, ಅದೇ ಆಗದೇ? ಉಳಿದದ್ದೆಲ್ಲ ಕೈಗೆಟುಕುವಂತಿದೆ.

ಅಗಸೆ:
ಬೇಡ ಮಾರಾಯ್ರೇ. ದೋಣಿಯ ಮೇಲೆ ಯಾರೂ ಬರಿಮೈಯಲ್ಲಿ ಮಲಗುವುದಿಲ್ಲ. ಸಿಪ್ಪೆ ಎಣ್ಣೆ ಚರ್ಮ ಸುಡುತ್ತದೆ, ಎದೆ ಹೊಟ್ಟೆಯೆಲ್ಲ ಬೊಬ್ಬೆ ಬರುತ್ತದೆ. ಮೀನೆಣ್ಣೆ ಮರಕ್ಕೆ ಕೆಟ್ಟದ್ದೇನಲ್ಲ, ಆದರೆ ವಾಸನೆ ಬಿಡುವುದಿಲ್ಲ.

ಚೇಗು:
ಒಂದು ಸಲಹೆ: ಇದೇ ಮರದಲ್ಲಿ ಮೊದಲು 120 ಸೆಂ.ಮೀ. ಉದ್ದ, 45 ಅಗಲದ ಪೈಪೊ ಮಾಡಿ, ಹೊಟ್ಟೆಯ ಮೇಲೆ ಮಲಗಿ ಸವಾರಿ ಮಾಡುವಂಥದ್ದು. ಅಂಟು, ಅಂಚು, ಎಣ್ಣೆ ಎಲ್ಲ ಇದೇ ಕ್ರಮ, ಮರ ಕಡಿಮೆ ಸಾಕು. ಹೆಬ್ಬೇವು ಉಪ್ಪುನೀರಿನಲ್ಲಿ ಹೇಗೆ ವರ್ತಿಸುತ್ತದೆ ಅಂತ 7 ಅಡಿಗೆ ಕೈ ಹಾಕುವ ಮುಂಚೆಯೇ ಗೊತ್ತಾಗುತ್ತದೆ. ಸಮುದ್ರದಿಂದ ಬಂದ ಮೇಲೆ ಸಿಹಿನೀರಿನಲ್ಲಿ ತೊಳೆದು ನೆರಳಲ್ಲಿ ಅಂಚಿನ ಮೇಲೆ ನಿಲ್ಲಿಸಿ. ಒದ್ದೆ ಹಲಗೆಯನ್ನು ಬಿಸಿಲಲ್ಲಿ ಮಲಗಿಸಿದರೆ ಮಧ್ಯಾಹ್ನದೊಳಗೆ ಬಾಗಿರುತ್ತದೆ. ಸೀಳು ಕಂಡರೆ ಪೂರ್ತಿ ಒಣಗಿಸಿ, ಬ್ಲೇಡಿನಿಂದ ಎಪಾಕ್ಸಿ ಒಳಗೆ ತಳ್ಳಿ, ಕ್ಲಾಂಪ್ ಹಾಕಿ ಒಂದು ರಾತ್ರಿ ಬಿಡಿ. ಸೀಳಿನ ಬಾಯಿಗೆ ಮೊದಲೇ ಎಣ್ಣೆ ಹಚ್ಚಿಬಿಟ್ಟರೆ ಎಪಾಕ್ಸಿ ಹಿಡಿಯುವುದಿಲ್ಲ.