ಅಪ್ಪನ ಮೇಲಿನ ಹಳೇ ಡಿಕ್ರಿ, ಈಗ ನೋಟಿಸು ಬಂದಿದೆ. ಅವಧಿ ಮುಗಿದಿಲ್ವಾ?

ಪಿಂಪ್ರಿ ಹುಡುಗಿ:
ನಮಸ್ಕಾರ. ಅಪ್ಪ ಪಿಂಪ್ರಿಯ ಫ್ಯಾಕ್ಟರಿಯಲ್ಲಿದ್ದಾಗ ಒಬ್ಬರ ಹತ್ತಿರ ಕೈಸಾಲ ಮಾಡಿದ್ದರು. ಅವರು ಪುಣೆ ಕೋರ್ಟಿಗೆ ಹೋಗಿ 2014ರ ಮಾರ್ಚ್‌ನಲ್ಲಿ 2,40,000 ರೂಪಾಯಿಗೆ ಡಿಕ್ರಿ (ಹಣ ಕಟ್ಟಬೇಕು ಅನ್ನುವ ಕೋರ್ಟಿನ ತೀರ್ಪು) ಪಡೆದರು. 2016ರಲ್ಲಿ ಅಪ್ಪ 80,000 ನಗದು ಕೊಟ್ಟು ಚೀಟಿ ಬರೆಸಿಕೊಂಡಿದ್ದಾರೆ. 2021ರಲ್ಲಿ ಕೆಲಸದಲ್ಲಿರುವಾಗಲೇ ತೀರಿಕೊಂಡರು. ಇಷ್ಟು ವರ್ಷ ಸುಮ್ಮನಿದ್ದವರು 2025ರ ನವೆಂಬರ್‌ನಲ್ಲಿ ಡಿಕ್ರಿ ಜಾರಿ ಮಾಡಿಸಲು ದರಖಾಸ್ತು (ಅರ್ಜಿ) ಹಾಕಿದ್ದಾರೆ, ನನಗೂ ಅಮ್ಮನಿಗೂ ನೋಟಿಸು ಬಂದಿದೆ. ಸಾಲಕ್ಕೆ ಮೂರೇ ವರ್ಷ ಅನ್ನುತ್ತಾರಲ್ವಾ? ನನ್ನ ಸಂಬಳ, ನಾನು ಲೋನ್ ಮಾಡಿ ತೆಗೆದುಕೊಂಡ ಫ್ಲಾಟು, ಅಮ್ಮನಿಗೆ ಬಂದ ಅಪ್ಪನ ಪಿಎಫ್, ಎಲ್ಲ ಹೋಗುತ್ತಾ? ಅಮ್ಮನನ್ನು ಜೈಲಿಗೆ ಹಾಕುತ್ತಾರೆ ಅಂತ ಯಾರೋ ಹೆದರಿಸಿದ್ದಾರೆ, ಪಾಪ, ರಾತ್ರಿ ನಿದ್ದೆ ಇಲ್ಲ.

ಶಿವಾಜಿನಗರ ವಕೀಲ:
ತಂಗಿ, ಮೊದಲು ಅಮ್ಮನಿಗೆ ಧೈರ್ಯ ಹೇಳಿ. ಹಣದ ಡಿಕ್ರಿಗೆ ಹೆಂಗಸರನ್ನು ಬಂಧಿಸುವಂತೆಯೇ ಇಲ್ಲ, ಸಿವಿಲ್ ಪ್ರಕ್ರಿಯಾ ಸಂಹಿತೆಯ 56ನೇ ಕಲಂನಲ್ಲಿ ಸ್ಪಷ್ಟವಾಗಿದೆ.

ಮೂರು ವರ್ಷ ಅನ್ನುವುದು ದಾವೆ ಹಾಕುವುದಕ್ಕೆ. ಡಿಕ್ರಿ ಆದಮೇಲೆ ಜಾರಿ ಮಾಡಿಸಲು 12 ವರ್ಷ ಇರುತ್ತದೆ, 1963ರ ಲಿಮಿಟೇಶನ್ (ಕಾಲಮಿತಿ) ಕಾಯ್ದೆಯ 136ನೇ ಆರ್ಟಿಕಲ್. ನಿಮ್ಮ ಲೆಕ್ಕದಲ್ಲಿ ಅದು 2026ರ ಮಾರ್ಚ್‌ವರೆಗೆ, ಹಾಗಾಗಿ ಅವರು ಅವಧಿಯೊಳಗೇ ಬಂದಿದ್ದಾರೆ. ಅವಧಿಯೊಳಗೆ ದರಖಾಸ್ತು ಹಾಕಿದರೆ ಸಾಕು, ಕೇಸು ಆಮೇಲೆ ಎಷ್ಟು ವರ್ಷ ಎಳೆದರೂ ನಡೆಯುತ್ತದೆ. ಒಂದು ದಿನ ತಡವಾಗಿದ್ದರೂ ಆ ವಿಳಂಬವನ್ನು ಕೋರ್ಟು ಮನ್ನಿಸುವಂತಿರಲಿಲ್ಲ, ಅದಕ್ಕೇ ಡಿಕ್ರಿಯ ನಕಲು ತೆಗೆಸಿ ತಾರೀಖು ನೀವೇ ನೋಡಿ.

ವಾರಸುದಾರರಾಗಿ ನಿಮ್ಮ ಹೊಣೆ ಅಪ್ಪನಿಂದ ನಿಮ್ಮ ಕೈಗೆ ಬಂದ ಆಸ್ತಿಯಷ್ಟು ಮಾತ್ರ. ನಿಮ್ಮ ಸಂಬಳ, ನಿಮ್ಮ ದುಡ್ಡಿನ ಫ್ಲಾಟು ಅದರಲ್ಲಿ ಬರುವುದಿಲ್ಲ. ಅಮ್ಮ ನಾಮಿನಿಯಾಗಿ ಪಡೆದ ಇಪಿಎಫ್ ಹಣಕ್ಕೂ ಅಪ್ಪನ ಸಾಲ ತಟ್ಟುವುದಿಲ್ಲ, ಇಪಿಎಫ್ ಕಾಯ್ದೆಯೇ ಹಾಗೆ ಹೇಳುತ್ತದೆ. ಊರಲ್ಲಿ ಅಪ್ಪನ ಹೆಸರಿನಲ್ಲಿ ಹೊಲ ಇದೆಯಾ? ಇದ್ದರೆ ಅವರ ಕಣ್ಣು ಅದರ ಮೇಲೆ.

ಡೊಂಬಿವ್ಲಿ ಅಣ್ಣ:
ಆ 80,000ದ ಚೀಟಿ ಬಗ್ಗೆ ಹೇಳಲೇಬೇಕು. ನಮ್ಮ ಮಾವ ಹೀಗೇ ಕೋರ್ಟಿನ ಹೊರಗೆ ಕಂತು ಕಟ್ಟಿ ಕೋರ್ಟಿಗೆ ತಿಳಿಸಲಿಲ್ಲ, ಆಮೇಲೆ ಅಷ್ಟೂ ದುಡ್ಡು ಎರಡನೇ ಸಲ ಕಟ್ಟಿದರು. ಆ ಸಂಕಟ ಇನ್ನೊಂದು ಮನೆಗೆ ಬರಬಾರದು.

ಶಿವಾಜಿನಗರ ವಕೀಲ:
ಹೌದು, ನಿಜವಾದ ತೊಂದರೆ ಅದೇ. ಹೊರಗೆ ಕೊಟ್ಟ ಹಣವನ್ನು 30 ದಿನದೊಳಗೆ ಅರ್ಜಿ ಹಾಕಿ ಕೋರ್ಟಿನಲ್ಲಿ ದಾಖಲು ಮಾಡಿಸಬೇಕಿತ್ತು. ದಾಖಲಾಗದ್ದನ್ನು ಜಾರಿ ಕೋರ್ಟು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಸಾಲ ಕೊಟ್ಟವರೇ ಒಪ್ಪಿಕೊಂಡು ದಾಖಲು ಮಾಡಿಸಬಹುದು. ಚೀಟಿಯಲ್ಲಿ ಅವರ ಸಹಿ ಇದೆಯಾ? ಇದ್ದರೆ ರಾಜಿ ಮಾತಿಗೆ ಅದೇ ಬಲ. ನೋಟಿಸಿನ ತಾರೀಖು ಮಾತ್ರ ತಪ್ಪಿಸಬೇಡಿ.

ಪಿಂಪ್ರಿ ಹುಡುಗಿ:
ಸಹಿ ಇದೆ ಸರ್, ತಾರೀಖೂ ಇದೆ. ಹೊಲ ಇಲ್ಲ, ಅಪ್ಪನ ಹೆಸರಿನಲ್ಲಿ ಹಳೇ ಸ್ಕೂಟರು ಬಿಟ್ಟು ಬೇರೇನೂ ಇಲ್ಲ. ಅಮ್ಮನಿಗೆ ಜೈಲಿನ ಮಾತು ಸುಳ್ಳು ಅಂತ ಈಗಷ್ಟೇ ಓದಿ ಹೇಳಿದೆ. ಸೋಮವಾರ ಚೀಟಿ ಹಿಡಿದು ಪುಣೆಯ ಶಿವಾಜಿನಗರಕ್ಕೆ ಬರುತ್ತೇನೆ.