ಪೇಟೆ ತೆರೆದ ಐದೇ ನಿಮಿಷಕ್ಕೆ ದರಫಲಕ ಒಂದು ನಿಮಿಷ ಹಿಂದೆ ಬೀಳುತ್ತಿದೆ: ಪರಿಹಾರ ಬೇಕು

ಪ್ರಶ್ನೆ (ಜಮಖಂಡಿ)

ನಮಸ್ಕಾರ. ನಾನು ಬಾಗಲಕೋಟೆ ಜಿಲ್ಲೆಯ ಜಮಖಂಡಿಯಲ್ಲಿ ಒಂದು ದಲಾಲಿ ಅಂಗಡಿಯ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಅರಿಸಿನ ಮಾರಲು ಬರುವ ರೈತರಿಗೂ ನಮ್ಮ ಸಾಹುಕಾರರಿಗೂ ಕಾಣುವಂತೆ ಸರಕು ವಿನಿಮಯ ಕೇಂದ್ರ ಎನ್‌ಸಿಡಿಇಎಕ್ಸ್‌ನ ಅರಿಸಿನ ಮತ್ತು ಹತ್ತಿಕಾಳು ಹಿಂಡಿಯ ವಾಯಿದೆ ದರಗಳನ್ನೂ, ಸಾಹುಕಾರರು ವ್ಯವಹರಿಸುವ ಎನ್‌ಎಸ್‌ಇ ಷೇರುಗಳ ದರಗಳನ್ನೂ ಗೋಡೆಯ ಟಿವಿಯಲ್ಲಿ ತೋರಿಸುವ ಪ್ರೋಗ್ರಾಮನ್ನು ಪೈಥಾನ್‌ನಲ್ಲಿ ಬರೆದಿದ್ದೇನೆ. ಒಟ್ಟು 80 ದರಗಳು ಬ್ರೋಕರ್‌ನ ವೆಬ್‌ಸಾಕೆಟ್ (ಸದಾ ತೆರೆದಿರುವ ಇಂಟರ್ನೆಟ್ ಸಂಪರ್ಕ) ಮೂಲಕ ಬರುತ್ತವೆ. ಬಂದ ಪ್ರತಿಯೊಂದು ದರವನ್ನೂ ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್ ಕಡತದಲ್ಲಿ ಬರೆದು, ಆಮೇಲೆ ಫಲಕಕ್ಕೆ ಕಳಿಸುತ್ತೇನೆ. ಕಂಪ್ಯೂಟರ್ ಹಳೆಯದು, ಅದರಲ್ಲಿ ಉಬುಂಟು ಇದೆ, ಹಾರ್ಡ್ ಡಿಸ್ಕ್ ತಿರುಗುವ ಮಾದರಿಯದು.

ಬೆಳಿಗ್ಗೆ 9:15ಕ್ಕೆ ಷೇರುಪೇಟೆ ತೆರೆದ ಬಳಿಕ ವಿಳಂಬ ಏರುತ್ತಾ ಹೋಗಿ, 9:20ರ ಹೊತ್ತಿಗೆ ಒಂದು ನಿಮಿಷ ಮುಟ್ಟುತ್ತದೆ. ಮುಂದೆ ತಾನಾಗಿಯೇ ಇಳಿಯುತ್ತದೆ, ಆದರೆ ಮಧ್ಯಾಹ್ನ ಪೇಟೆ ತಣ್ಣಗಿದ್ದಾಗಲೂ 11 ಸೆಕೆಂಡಿಗಿಂತ ಕೆಳಗೆ ಬರುವುದೇ ಇಲ್ಲ. ಮೂರು ಗಂಟೆಯ ಮೇಲೆ ಮತ್ತೆ ಏರುತ್ತದೆ. ಪ್ರೋಗ್ರಾಮನ್ನು ಮುಚ್ಚಿ ತೆರೆದರೆ ತಕ್ಷಣ ಕಡಿಮೆಯಾಗುತ್ತದೆ. ಇಂಟರ್ನೆಟ್ ಬದಲಿಸಬೇಕೇ?

ಉತ್ತರ (ವಿಜಯಪುರ)

ನಮ್ಮ ಊರುಗಳ ಇಂಟರ್ನೆಟ್ಟೇ ಹೀಗೆ. ಲೀಸ್ಡ್ ಲೈನ್ (ನಿಮಗೊಬ್ಬರಿಗೇ ಮೀಸಲಾದ ಇಂಟರ್ನೆಟ್ ಲೈನು) ಹಾಕಿಸಿಕೊಳ್ಳುವುದು ಒಳ್ಳೆಯದು.

ಉತ್ತರ (ಬೆಳಗಾವಿ)

ಹಣ ಖರ್ಚು ಮಾಡುವ ಮೊದಲು ದಯವಿಟ್ಟು ಸ್ವಲ್ಪ ತಡೆಯಿರಿ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಸಾಗುತ್ತದೆ. ಮುಂಬೈ ನಮ್ಮಿಂದ ಐದಾರು ನೂರು ಕಿಲೋಮೀಟರ್ ಇದೆಯೆಂದು ಹಿಡಿದರೆ ದೂರದ ಪಾಲು ಮೂರು ಮಿಲಿಸೆಕೆಂಡು ಮಾತ್ರ. ದಾರಿಯ ರೂಟರುಗಳೂ ಸುತ್ತುಬಳಸೂ ಸೇರಿ ಅದು ಹತ್ತು ಪಟ್ಟಾದರೂ ಟಿವಿಯ ಮುಂದೆ ಕುಳಿತವರಿಗೆ ಗೊತ್ತಾಗದು. ಅಂಗಡಿಯ ಸಿಸಿಟಿವಿ ಅಪ್‌ಲೋಡ್‌ನಿಂದ ಲೈನು ತುಂಬಿಹೋದರೂ ಸಾಮಾನ್ಯವಾಗಿ ನೂರಾರು ಮಿಲಿಸೆಕೆಂಡು ಕೂಡಬಹುದೇ ಹೊರತು ಒಂದು ನಿಮಿಷವಲ್ಲ.

ನೀವು ಹೇಳಿದ್ದರಲ್ಲಿ ಎರಡು ಬೇರೆ ಬೇರೆ ರೋಗಗಳಿವೆ ಎಂದು ನನಗೆ ತೋರುತ್ತದೆ. ಯಾವಾಗಲೂ ಉಳಿಯುವ ಆ 11 ಸೆಕೆಂಡು ವಿಳಂಬವೇ ಅಲ್ಲದಿರಬಹುದು, ಏಕೆಂದರೆ ದರದ ಜೊತೆ ಬರುವ ವಿನಿಮಯ ಕೇಂದ್ರದ ಸಮಯಮುದ್ರೆಯನ್ನು ನಿಮ್ಮ ಗಡಿಯಾರದೊಂದಿಗೆ ಹೋಲಿಸುವಾಗ ನಿಮ್ಮ ಗಡಿಯಾರವೇ ಮುಂದಿದ್ದರೆ ಲೆಕ್ಕ ಹೀಗೆಯೇ ಬರುತ್ತದೆ. ಹಳೆಯ ಕಂಪ್ಯೂಟರಿನ ಮದರ್‌ಬೋರ್ಡ್ ಬ್ಯಾಟರಿ ಸತ್ತಿದ್ದರೆ ಪ್ರತಿ ಸಲ ಕರೆಂಟು ಹೋಗಿ ಬಂದಾಗ ಗಡಿಯಾರ ತಪ್ಪುತ್ತದೆ. ಗಡಿಯಾರ ಹೊಂದಿಸುವ ಕ್ರೋನಿ ಎಂಬ ಪ್ರೋಗ್ರಾಮು ಹಾಕಿ, ರಾಷ್ಟ್ರೀಯ ಭೌತ ಪ್ರಯೋಗಾಲಯದ ಎನ್‌ಟಿಪಿ (ಸಮಯ ತಿಳಿಸುವ) ಸರ್ವರ್‌ಗೆ ಗಡಿಯಾರವನ್ನು ಹೊಂದಿಸಿ. ಅಳೆಯಲು ಅರಿಸಿನದ ‘ಕೊನೆಯ ವಹಿವಾಟಿನ ಸಮಯ’ವನ್ನು ಬಳಸಬೇಡಿ, ಅಲ್ಲಿ ನಿಮಿಷಗಟ್ಟಲೆ ವಹಿವಾಟೇ ನಡೆಯದಿದ್ದರೆ ಅದೂ ವಿಳಂಬದಂತೆ ಕಾಣುತ್ತದೆ. ಬಿಡುವಿಲ್ಲದೆ ವಹಿವಾಟಾಗುವ ಒಂದು ಷೇರನ್ನು ಆರಿಸಿಕೊಳ್ಳಿ.

ಏರಿ ಇಳಿಯುವ ಭಾಗ ಮಾತ್ರ ನಿಜವಾದ ವಿಳಂಬ, ಮತ್ತು ಅದು ಸರದಿಯ ಲಕ್ಷಣ. ನಿಮ್ಮ ಕಡೆ ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಯ ಮುಂದೆ ಕಬ್ಬಿನ ಟ್ರ್ಯಾಕ್ಟರುಗಳು ನಿಲ್ಲುವುದನ್ನು ನೆನಪಿಸಿಕೊಳ್ಳಿ: ಹೊಲದಿಂದ ಕಾರ್ಖಾನೆಗೆ ಒಂದು ತಾಸಿನ ದಾರಿಯಾದರೂ ತೂಕದ ಕಾಟಾದ ಮುಂದೆ ಇಡೀ ದಿನ ಕಾಯಬೇಕಾಗುತ್ತದೆ, ಅಷ್ಟರಲ್ಲಿ ಕಬ್ಬು ಒಣಗುತ್ತದೆ. ರಸ್ತೆ ಅಗಲ ಮಾಡಿಸಿದರೆ ಸರದಿ ಕರಗದು. ಪ್ರೋಗ್ರಾಮನ್ನು ಮುಚ್ಚಿ ತೆರೆದಾಗ ಸರಿಹೋಗುವುದಕ್ಕೂ ಇದೇ ಕಾರಣ, ನೀವು ಸಾಲಿನಲ್ಲಿದ್ದ ಗಾಡಿಗಳನ್ನೆಲ್ಲ ಹೊರಗೆ ಅಟ್ಟುತ್ತಿದ್ದೀರಿ ಅಷ್ಟೆ.

ಸಾಲು ಎಲ್ಲಿ ನಿಂತಿದೆ ಎಂದು ತಿಳಿಯಲು ನಾಳೆ 9:20ಕ್ಕೆ ಟರ್ಮಿನಲ್‌ನಲ್ಲಿ ‘ಎಸ್‌ಎಸ್ -ಟಿಎನ್’ (ss -tn) ಆದೇಶ ಕೊಟ್ಟು, ಬ್ರೋಕರ್‌ನ ಸಂಪರ್ಕದ ಎದುರು ರಿಸೀವ್-ಕ್ಯೂ ಕಾಲಮ್ ನೋಡಿ. ಅದು ಸೊನ್ನೆಯಾಗಿದ್ದರೆ ನಿಮ್ಮ ಪ್ರೋಗ್ರಾಮಿನ ಒಳಗಿನ ಸಾಲನ್ನು ಒಮ್ಮೆ ನೋಡಿ, ಅಲ್ಲಿಯೂ ಏನೂ ಇಲ್ಲದಿದ್ದರೆ ತಪ್ಪು ಲೈನಿನಲ್ಲೋ ಬ್ರೋಕರ್‌ನ ಕಡೆಯೋ ಇದೆ. ದೊಡ್ಡ ಸಂಖ್ಯೆ ಇದ್ದರೆ ದತ್ತಾಂಶ ಆಗಲೇ ನಿಮ್ಮ ಕಂಪ್ಯೂಟರಿಗೆ ಬಂದು ಸೇರಿದೆ, ಆದರೆ ನಿಮ್ಮ ಪ್ರೋಗ್ರಾಮು ಅದನ್ನು ಎತ್ತಿಕೊಳ್ಳುತ್ತಿಲ್ಲ.

ಪ್ರಶ್ನೆ ಕೇಳಿದವರು (ಜಮಖಂಡಿ)

ಸರ್, ಗಡಿಯಾರ ನಿಜವಾಗಿಯೂ 11 ಸೆಕೆಂಡು ಮುಂದಿತ್ತು. ಅದನ್ನು ಸರಿಪಡಿಸಿದ ಮೇಲೆ ಮಧ್ಯಾಹ್ನದ ವಿಳಂಬ ಮಾಯವಾಗಿದೆ. ಇಂದು ಬೆಳಿಗ್ಗೆ 9:20ಕ್ಕೆ ವಿಳಂಬ 50 ಸೆಕೆಂಡು ಇತ್ತು, ರಿಸೀವ್-ಕ್ಯೂ ಸುಮಾರು ಆರು ಲಕ್ಷ ಬೈಟ್ ತೋರಿಸಿತು. ಎಣಿಸಿ ನೋಡಿದೆ: ಸೆಕೆಂಡಿಗೆ ಸುಮಾರು 70 ದರಗಳು ಬರುತ್ತವೆ, ಕಡತದಲ್ಲಿ ಬರೆಯಲಾಗುವುದು 60 ಮಾತ್ರ.

ಉತ್ತರ (ಬೆಳಗಾವಿ)

ಹಾಗಾದರೆ ಲೆಕ್ಕ ಅಚ್ಚುಕಟ್ಟಾಗಿ ಹೊಂದುತ್ತದೆ. ಸೆಕೆಂಡಿಗೆ ಹತ್ತು ದರ ಬಾಕಿ ಉಳಿದರೆ ಐದು ನಿಮಿಷಕ್ಕೆ 3,000 ಬಾಕಿ, ಸೆಕೆಂಡಿಗೆ 60ರಂತೆ ತೀರಿಸಲು 50 ಸೆಕೆಂಡು. ದರವೊಂದಕ್ಕೆ 200 ಬೈಟ್ ಹಿಡಿದರೆ ಆರು ಲಕ್ಷ ಬೈಟ್.

ತಪ್ಪಿರುವುದು ಕಡತದಲ್ಲಿ ಬರೆಯುವ ಕ್ರಮದಲ್ಲಿ. ಎಸ್‌ಕ್ಯೂಲೈಟ್ ಪ್ರತಿ ಕಮಿಟ್‌ನಲ್ಲೂ (ಬರೆದದ್ದನ್ನು ಕಾಯಂ ಮಾಡುವ ಹಂತದಲ್ಲೂ) ದತ್ತಾಂಶ ಡಿಸ್ಕಿನ ತಟ್ಟೆಯನ್ನು ಮುಟ್ಟುವವರೆಗೆ ಕಾಯುತ್ತದೆ. ನಿಮಿಷಕ್ಕೆ 7,200 ಸುತ್ತು ತಿರುಗುವ ಡಿಸ್ಕಿನಲ್ಲಿ ಒಂದು ಸುತ್ತಿಗೆ 8.3 ಮಿಲಿಸೆಕೆಂಡು ಬೇಕು, ಒಂದು ಕಮಿಟ್‌ಗೆ ಸಾಮಾನ್ಯವಾಗಿ ಎರಡು ಸುತ್ತು ಹಿಡಿಯುತ್ತದೆ, ಹಾಗಾಗಿ ದರಕ್ಕೊಂದು ಕಮಿಟ್ ಮಾಡುವವರು ಸೆಕೆಂಡಿಗೆ 60 ದಾಟುವುದು ಕಷ್ಟವೇ. ಆದರೆ ಒಂದೇ ಕಮಿಟ್‌ನಲ್ಲಿ ಸಾವಿರ ದರ ಬರೆದರೂ ಆ ಕಾಯುವಿಕೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ.

ಆದ್ದರಿಂದ ವೆಬ್‌ಸಾಕೆಟ್‌ನಿಂದ ದರ ತೆಗೆದುಕೊಳ್ಳುವ ಫಂಕ್ಷನ್‌ನಲ್ಲಿ ಬೇರೆ ಯಾವ ಕೆಲಸವನ್ನೂ ಇಡಬೇಡಿ. ಅದು ದರವನ್ನು ಒಂದು ಕ್ಯೂಗೆ ಹಾಕಿ, ಒಂದು ಡಿಕ್ಷನರಿಯಲ್ಲಿ ಆ ಷೇರಿನ ಹಳೆಯ ದರದ ಮೇಲೆ ಹೊಸದನ್ನು ಬರೆದು ಹಿಂದಿರುಗಲಿ. ಬೇರೊಂದು ಥ್ರೆಡ್ ಸೆಕೆಂಡಿಗೊಮ್ಮೆ ಕ್ಯೂ ಖಾಲಿ ಮಾಡಿ ಒಂದೇ ಕಮಿಟ್‌ನಲ್ಲಿ ಬರೆಯಲಿ. ಫಲಕವು ಸೆಕೆಂಡಿಗೆರಡು ಸಲ ಡಿಕ್ಷನರಿಯನ್ನು ಮಾತ್ರ ಓದಲಿ, ಏಕೆಂದರೆ ಗೋಡೆಯ ಮೇಲಿನ ದರಕ್ಕೆ ಇತಿಹಾಸ ಬೇಕಿಲ್ಲ, ಈಗಿನದಷ್ಟೇ ಸಾಕು. ಕಡತವನ್ನು ವಾಲ್ (WAL) ಮೋಡ್‌ಗೂ, ಸಿಂಕ್ರೊನಸ್ ಆಯ್ಕೆಯನ್ನು ನಾರ್ಮಲ್‌ಗೂ ಬದಲಿಸಬಹುದು. ಆಗ ಹಠಾತ್ತನೆ ಕರೆಂಟು ಹೋದರೆ ಕೊನೆಯ ಕೆಲವು ದರಗಳು ಕಳೆದುಹೋಗಬಹುದು, ಕಡತ ಮಾತ್ರ ಕೆಡುವುದಿಲ್ಲ. ದರಫಲಕಕ್ಕೆ ಇದು ಒಪ್ಪುವ ನಷ್ಟ, ಲೆಕ್ಕದ ಪುಸ್ತಕಕ್ಕಾದರೆ ನಾನು ಹೀಗೆ ಹೇಳುತ್ತಿರಲಿಲ್ಲ.

ಪ್ರಶ್ನೆ ಕೇಳಿದವರು (ಜಮಖಂಡಿ)

ಮೂರು ದಿನ ನೋಡಿ ಬರೆಯುತ್ತಿದ್ದೇನೆ. ರಿಸೀವ್-ಕ್ಯೂ 9:20ಕ್ಕೂ ಸೊನ್ನೆ ಇದೆ, ವಿಳಂಬ ಒಂದು ಸೆಕೆಂಡಿನ ಆಚೀಚೆ ಇದೆ. ಇದನ್ನೂ ಇಳಿಸಬಹುದೇ?

ಉತ್ತರ (ಬೆಳಗಾವಿ)

ಅದನ್ನು ಬೆನ್ನಟ್ಟಬೇಡಿ. ನಿಮಗೆ ಬರುವ ಸಮಯಮುದ್ರೆ ಪೂರ್ಣ ಸೆಕೆಂಡುಗಳಲ್ಲಿ ಇದ್ದರೆ ಅದಕ್ಕಿಂತ ಸೂಕ್ಷ್ಮವಾಗಿ ಅಳೆಯಲೂ ಆಗದು. ಸಾಮಾನ್ಯ ಗ್ರಾಹಕರಿಗೆ ಬ್ರೋಕರ್ ಕೊಡುವುದು ಆಗಾಗ ತೆಗೆದ ಚಿತ್ರಗಳಂಥ ದರ, ಪ್ರತಿ ವಹಿವಾಟಿನ ದರವಲ್ಲ. ಪ್ರತಿ ಆರ್ಡರಿನ ಮಾಹಿತಿಯುಳ್ಳ ಫೀಡ್ ಮುಂಬೈಯಲ್ಲಿ ಎನ್‌ಎಸ್‌ಇ ಕಟ್ಟಡದಲ್ಲೇ ಸರ್ವರ್ ಇಟ್ಟುಕೊಂಡವರಿಗೆ ಮಲ್ಟಿಕಾಸ್ಟ್ (ಒಮ್ಮೆಗೇ ಹಲವರಿಗೆ ಕಳಿಸುವ ವಿಧಾನ) ಮೂಲಕ ಹೋಗುತ್ತದೆ.

ಉತ್ತರ (ವಿಜಯಪುರ)

ಲೀಸ್ಡ್ ಲೈನ್ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ಇಲ್ಲಿಯೇ ನನ್ನದೂ ಒಂದು ಪ್ರಶ್ನೆ: ನಾನು ಎಕ್ಸೆಲ್‌ನಲ್ಲಿ ಆರ್‌ಟಿಡಿ (ಹೊರಗಿನ ದರಗಳನ್ನು ಹಾಳೆಗೆ ತರುವ ಸೌಲಭ್ಯ) ಮೂಲಕ ದರ ನೋಡುತ್ತೇನೆ, ಅದು ಎರಡು ಸೆಕೆಂಡಿಗೊಮ್ಮೆ ಮಾತ್ರ ಬದಲಾಗುತ್ತದೆ.

ಉತ್ತರ (ಬೆಳಗಾವಿ)

ಅದು ಎಕ್ಸೆಲ್‌ನ ಮೂಲ ಹೊಂದಿಕೆ, 2,000 ಮಿಲಿಸೆಕೆಂಡು. ವಿಷುವಲ್ ಬೇಸಿಕ್ ಎಡಿಟರ್‌ನ ಇಮ್ಮೀಡಿಯೆಟ್ ವಿಂಡೋದಲ್ಲಿ ‘ಅಪ್ಲಿಕೇಶನ್.ಆರ್‌ಟಿಡಿ.ಥ್ರಾಟಲ್‌ಇಂಟರ್‌ವಲ್ = 500’ ಎಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಎಂಟರ್ ಒತ್ತಿ. ಸೊನ್ನೆ ಕೊಡಬೇಡಿ, ಹಾಳೆಯಲ್ಲಿ ಸೂತ್ರಗಳು ಹೆಚ್ಚಿದ್ದರೆ ಎಕ್ಸೆಲ್ ಮತ್ತೆ ಮತ್ತೆ ಲೆಕ್ಕ ಹಾಕುತ್ತಲೇ ಕುಳಿತು, ನಿಮ್ಮಲ್ಲಿಯೂ ಜಮಖಂಡಿಯ ಸಾಲು ಶುರುವಾಗುತ್ತದೆ.