ಕೋಣಗಳ ಮೈಮೇಲೆ ಹಸಿರು ಚುಕ್ಕಿ: ಲೆನ್ಸಿಗೆ ಯುವಿ ಫಿಲ್ಟರ್ ಬೇಕೇ?

ಪ್ರಶ್ನೆ: ಎರಡು ವರ್ಷ ದುಡ್ಡು ಕೂಡಿಟ್ಟು ದೂರದ್ದನ್ನು ಹತ್ತಿರಕ್ಕೆ ತರುವ 70-200 ಎಫ್2.8 ಲೆನ್ಸ್ ತಗೊಂಡೆ. ಅಂಗಡಿಯವರು ಅಗ್ಗದ ಯುವಿ ಫಿಲ್ಟರ್ (ನೇರಳಾತೀತ ಕಿರಣ ತಡೆಯುವ ಗಾಜು) ಒಂದನ್ನು ತಾವೇ ತಿರುಗಿಸಿ ಹಾಕಿ ಕೊಟ್ಟರು. ಮೊನ್ನೆ ರಾತ್ರಿ ಕಂಬಳದಲ್ಲಿ ತೆಗೆದ ಫೋಟೋಗಳಲ್ಲಿ ಕೋಣಗಳ ಕಪ್ಪು ಮೈಮೇಲೆಲ್ಲ ಹಸಿರು ಚುಕ್ಕಿ. ಲೆನ್ಸ್ ಕೆಟ್ಟಿದೆಯಾ? ಫಿಲ್ಟರ್ ತೆಗೆಯೋಣ ಅಂದ್ರೆ ಕೆಸರಿನ ಭಯ.

ಉತ್ತರ: ಲೆನ್ಸ್ ಚೆನ್ನಾಗಿದೆ, ಗಾಬರಿ ಬೇಡ. ಒಂದು ಚುಕ್ಕಿಯಿಂದ ಚಿತ್ರದ ನಡುಮಧ್ಯದ ಮೂಲಕ ಗೆರೆ ಎಳೆದು ನೋಡಿ. ಆಚೆ ತುದಿಯಲ್ಲಿ ಅಷ್ಟೇ ದೂರಕ್ಕೆ ಒಂದು ಫ್ಲಡ್‌ಲೈಟ್ ಸಿಕ್ಕರೆ ತಪ್ಪು ಫಿಲ್ಟರಿನದು. ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಸೆನ್ಸರಿಗೆ ಬಡಿದ ಬೆಳಕು ವಾಪಸ್ ಹೋಗಿ, ಫಿಲ್ಟರಿನ ಚಪ್ಪಟೆ ಗಾಜಿಗೆ ತಾಗಿ ಮತ್ತೆ ಒಳಗೆ ಬರುತ್ತದೆ. ಕೋಟಿಂಗ್ (ಬೆಳಕಿನ ಪ್ರತಿಫಲನ ತಗ್ಗಿಸುವ ತೆಳು ಲೇಪ) ಇಲ್ಲದ ಗಾಜು ಒಂದೊಂದು ಮೈಯಲ್ಲೂ ಸುಮಾರು 4% ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ. ಆ ಲೇಪ ಹಲವು ಪದರ ಇರುವ ಒಳ್ಳೆಯ ಮಲ್ಟಿಕೋಟಿಂಗ್ ಇದ್ದರೆ ಅರ್ಧ ಪರ್ಸೆಂಟಿಗೂ ಕಡಿಮೆ.

ಯುವಿ ತಡೆಯುವ ಕೆಲಸ ಇದ್ದದ್ದು ಫಿಲ್ಮ್ ಕಾಲಕ್ಕೆ. ಈಗ ಸೆನ್ಸರಿನ ಮುಂದೆಯೇ ಅದಕ್ಕೆ ಗಾಜು ಕೂತಿರುತ್ತದೆ. ಹಾಗಾಗಿ ನಿಮ್ಮ ಫಿಲ್ಟರ್ ಒಂದು ರೈನ್‌ಕೋಟ್ ಅಷ್ಟೇ, ಮಳೆ ಬಂದಾಗ ತೊಡಬೇಕು.

ಕಂಬಳದಲ್ಲಿ ಆ ಮಳೆ ನಿಜವಾಗಿಯೂ ಬರುತ್ತದೆ! ನೀರನ್ನು ಎತ್ತರಕ್ಕೆ ಚಿಮ್ಮಿಸುವ ಕೆನೆ ಹಲಗೆಯ ಓಟದಲ್ಲಿ ನೀರು ಮೇಲೆ ಕಟ್ಟಿದ ನಿಶಾನೆ ಬಟ್ಟೆಗೆ ಚಿಮ್ಮುವಾಗ ಕರೆಯ (ಕೋಣ ಓಡುವ ಕೆಸರಿನ ಓಟದ ಜಾಗ) ಪಕ್ಕ ನಿಂತವರ ಲೆನ್ಸೂ ತೋಯುತ್ತದೆ. ಆ ನೀರಿನಲ್ಲಿ ಮರಳಿನ ಕಣ ಇರುತ್ತದೆ. ಅವಸರದಲ್ಲಿ ಅಂಗಿ ತುದಿಯಿಂದ ಒರೆಸುತ್ತೀರಲ್ಲ, ಲೆನ್ಸಿಗೆ ಗೀರು ಬೀಳುವುದೇ ಆಗ. ಫಿಲ್ಟರ್ ಆದರೆ ಬಿಚ್ಚಿ ನಲ್ಲಿ ಕೆಳಗೆ ತೊಳೆಯಬಹುದು. ಹಗಲಿಗೆ ಹಾಕಿಕೊಳ್ಳಿ. ರಾತ್ರಿ ದೀಪ ಚೌಕಟ್ಟಿನೊಳಗೆ ಬರುವ ಹಾಗಿದ್ದರೆ ಬಿಚ್ಚಿ, ಹುಡ್ (ಲೆನ್ಸಿನ ಮುಂದೆ ಚಾಚುವ ನೆರಳುಪಟ್ಟಿ) ಹಾಕಿ, ಎರಡು ಹೆಜ್ಜೆ ಹಿಂದೆ ನಿಲ್ಲಿ. ದಸರೆಯಲ್ಲಿ ಮೈಸೂರು ಅರಮನೆಯ ದೀಪಾಲಂಕಾರಕ್ಕಂತೂ ಫಿಲ್ಟರ್ ಬೇಡವೇ ಬೇಡ. ಮಲ್ಪೆಯ ಉಪ್ಪುಗಾಳಿ, ಜೋಗದ ತುಂತುರಿಗೆ ಇರಲಿ.

ಪ್ರಶ್ನೆ: ಕೈಜಾರಿ ಬಿದ್ದರೆ ಫಿಲ್ಟರ್ ಉಳಿಸುತ್ತದೆ ಅನ್ನುತ್ತಾರಲ್ಲ?

ಉತ್ತರ: ಅದನ್ನು ನಂಬಿ ನಾನೇ ಪೆಟ್ಟು ತಿಂದಿದ್ದೇನೆ. ಲೆನ್ಸ್ ಬಿದ್ದಾಗ ಒಡೆದದ್ದು ಫಿಲ್ಟರ್, ಆದರೆ ಅದರ ಚೂರುಗಳೇ ಲೆನ್ಸಿನ ಮುಂಭಾಗದ ಗಾಜನ್ನು ಗೀರಿದವು. ಆ ಗೀರು ಫೋಟೋದಲ್ಲಿ ಕಾಣುವುದು ತೀರಾ ಅಪರೂಪ, ಎದುರು ಬಿಸಿಲಿದ್ದರೆ ಮಾತ್ರ. ಬಿದ್ದಾಗ ಪೆಟ್ಟು ತಡೆದುಕೊಳ್ಳುವುದು ಹುಡ್. ಅದನ್ನು ಹಗಲು ರಾತ್ರಿ ಬಿಡಬೇಡಿ.

ಪ್ರಶ್ನೆ: ಬಿಚ್ಚಲು ಹೋದೆ, ಕಚ್ಚಿಕೊಂಡುಬಿಟ್ಟಿದೆ!

ಉತ್ತರ: ಎರಡು ಬೆರಳಲ್ಲಿ ಹಿಂಡಬೇಡಿ, ಫಿಲ್ಟರಿನ ಬಳೆ ಅಂಡಾಕಾರವಾಗಿ ಇನ್ನೂ ಬಿಗಿಯುತ್ತದೆ. ಅಂಚಿನ ಸುತ್ತ ಅಗಲದ ರಬ್ಬರ್‌ಬ್ಯಾಂಡ್ ಸುತ್ತಿ, ಐದೂ ಬೆರಳನ್ನು ಸಮನಾಗಿ ಇಟ್ಟು ಮೆಲ್ಲಗೆ ತಿರುಗಿಸಿ. ಬರದಿದ್ದರೆ ತೊಳೆದ ಹವಾಯಿ ಚಪ್ಪಲಿಯ ಅಡಿಯನ್ನು ಬಳೆಯ ಮೇಲೆ ಚಪ್ಪಟೆಯಾಗಿ ಒತ್ತಿ ತಿರುಗಿಸಿ. ನನಗೆ ಇದು ಪ್ರತಿ ಸಲವೂ ಕೈಹಿಡಿದಿದೆ.